ತಲೆ ಹೋದ ಸಿಪಾಯಿಗೆ ಬೆಂಕಿಕಡ್ಡಿಯೇ ಕುತ್ತಿಗೆ!

ಮೊನ್ನೆ ಸಂಜೆ ಮಂಡ್ಯದ ಪೇಟೆ ಬೀದಿಯ ಒಂದು ಹಾರ್ಡ್‌ವೇರ್ ಅಂಗಡಿ ಮುಂದೆ ನಿಂತಿದ್ದೆ. ಮನೆ ನಲ್ಲಿಗೆ ಒಂದು ವಾಷರ್ ಬೇಕಿತ್ತು. ಪಕ್ಕದಲ್ಲಿ ಒಬ್ಬ ಹುಡುಗ. ಬೆಂಗಳೂರಿನಲ್ಲಿ ಕೆಲಸ, ರಜೆಗೆ ಊರಿಗೆ ಬಂದವನು. ಚೀಟಿ ನೋಡಿಕೊಂಡು ಒಂದೊಂದೇ ಸಾಮಾನು ಕೇಳ್ತಾ ಇದ್ದ. ಎಂ-ಸೀಲ್ ಚಿಕ್ಕ ಪ್ಯಾಕೆಟ್ ಎರಡು. ಫೆವಿಕ್ವಿಕ್ ನಾಲ್ಕು. ತೆಳ್ಳನೆ ತಂತಿ ಒಂದು ಗಜ. ನಯವಾದ ಎಮರಿ ಪೇಪರ್ ಒಂದು ಹಾಳೆ.

"ಏನಪ್ಪಾ, ಟ್ಯಾಂಕ್ ಸೋರ್ತಾ ಇದ್ಯಾ?" ಅಂದ್ರು ಅಂಗಡಿ ಯಜಮಾನರು.

"ಇಲ್ಲ ಕಣಣ್ಣ, ಸಿಪಾಯಿ ಕೈ ಮುರಿದೋಗಿದೆ."

ಯಜಮಾನರು ಕನ್ನಡಕ ಮೇಲಕ್ಕೆ ಏರಿಸಿದರು. "ಕೈ ಮುರಿದ್ರೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಪ್ಪ. ಎಂ-ಸೀಲ್ ಯಾಕೆ?"

ಹುಡುಗ ನಗಾಡ್ತಾ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದ. ಅದರೊಳಗೆ ಹತ್ತಿ ಹಾಸಿಗೆ. ಹಾಸಿಗೆ ಮೇಲೆ ಒಂದಂಗುಲಕ್ಕಿಂತ ಸ್ವಲ್ಪ ಎತ್ತರದ ಒಬ್ಬ ಲೋಹದ ಸಿಪಾಯಿ. ಕೋಟಿನ ಗುಂಡಿಗಳಿಗೂ ಬಣ್ಣ ಹಚ್ಚಿದೆ. ಎಡಗೈ ಇಲ್ಲ. ತಲೆ ಇದೆ, ಆದರೆ ಬೇರೆ ಕಾಗದದಲ್ಲಿ ಸುತ್ತಿದೆ. ಅದಕ್ಕೆ ಮೀಸೆಯೂ ಇದೆ.

"ನಮ್ಮಮ್ಮ ಹಬ್ಬಕ್ಕೆ ಅಂತ ಬೀರು ಒರೆಸಿದ್ರು ಅಣ್ಣ" ಅಂದ. ಅಷ್ಟೇ ಹೇಳಿದ್ದು. ಅಂಗಡಿಯಲ್ಲಿದ್ದವರಿಗೆಲ್ಲ ಪೂರ್ತಿ ಕಥೆ ಅರ್ಥವಾಯಿತು.

ನನ್ನ ವಾಷರ್ ಕೆಲಸ ಅಲ್ಲಿಗೇ ನಿಂತಿತು. ಮುಂದಿನ ಒಂದು ಗಂಟೆ, ಎರಡು ಕಾಫಿ, ಆಮೇಲೆ ಮನೆಗೆ ಬಂದು ರಾತ್ರಿಯೆಲ್ಲ ಓದಿದ್ದು, ಇವುಗಳ ಫಲವೇ ಓದುಗರ ಮುಂದಿರುವ ಈ ಬರಹ.

ಇದೇನು ಆಟ?

ಇದರ ಹೆಸರು ವಾರ್‌ಗೇಮ್. ಆರಡಿಗೆ ನಾಲ್ಕಡಿ ಮೇಜು. ಮೇಲೆ ಹಸಿರು ಬಟ್ಟೆ, ಥರ್ಮಕೋಲ್ ಗುಡ್ಡ, ಸ್ಪಂಜಿನ ಮರ. ಆ ಕಡೆ ಒಂದು ಸೈನ್ಯ, ಈ ಕಡೆ ಒಂದು ಸೈನ್ಯ. ಚದುರಂಗದ ಹಾಗೆ ಮನೆಗಳಿಲ್ಲ. ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಸಿಪಾಯಿಗಳನ್ನು ನಡೆಸಬೇಕು. ಹೊಡೆದ ಗುಂಡು ತಗುಲಿತೋ ಇಲ್ಲವೋ ಅನ್ನೋದನ್ನ ದಾಳ ಹೇಳುತ್ತೆ. ನಮ್ಮ ಚೌಕಾಬಾರಕ್ಕೂ ಸರ್ವೇ ಇಲಾಖೆಗೂ ಮದುವೆ ಮಾಡಿದ ಹಾಗೆ ಅನ್ನಿ.

ಮೂಲ ಹುಡುಕಿದರೆ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತೆ. ಭಾರತದ ಚತುರಂಗ ಪರ್ಷಿಯಾ, ಅರಬ್ ನಾಡು ದಾಟಿ ಯೂರೋಪಿಗೆ ಹೋಗಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹೆಲ್‌ವಿಗ್ ಎಂಬ ಮೇಷ್ಟ್ರು ಅದೇ ಚೆಸ್ ಹಲಗೆಯನ್ನು 1,600ಕ್ಕೂ ಹೆಚ್ಚು ಮನೆಗಳಿಗೆ ಹಿಗ್ಗಿಸಿ, ಬೆಟ್ಟ ಹೊಳೆ ಎಲ್ಲ ಸೇರಿಸಿ ಯುದ್ಧದಾಟ ಮಾಡಿದರು. 1824ರಲ್ಲಿ ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬ ಅಧಿಕಾರಿ ನಕಾಶೆ ಮತ್ತು ದಾಳ ಇಟ್ಟುಕೊಂಡು ಆಡುವ ಆಟ ತಂದಾಗ, ಅಲ್ಲಿನ ಸೈನ್ಯ ಅದನ್ನು ತರಬೇತಿಗೇ ತಗೊಂಡಿತು.

ಅದು ದೊಡ್ಡವರ ಪಾಠ. ಮಕ್ಕಳ ಪಾಲಿಗೆ ಸಿಪಾಯಿ ಬಂದದ್ದು ಬೇರೆ ದಾರಿಯಲ್ಲಿ. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿಯವರು ಒಂದು ಉಪಾಯ ಕಂಡುಹಿಡಿದರು. ಕರಗಿದ ಸೀಸವನ್ನು ಅಚ್ಚಿಗೆ ಸುರಿದು, ಹೊರಮೈ ಗಟ್ಟಿಯಾದ ತಕ್ಷಣ ಒಳಗಿನ ಸೀಸವನ್ನು ಹೊರಕ್ಕೆ ಸುರಿದುಬಿಡೋದು. ಸಿಪಾಯಿ ಟೊಳ್ಳು! ಲೋಹ ಉಳಿತಾಯ, ಬೆಲೆ ಅಗ್ಗ. ಜರ್ಮನಿಯ ಗಟ್ಟಿ ಸಿಪಾಯಿಗಳಿಗೆ ಇಂಗ್ಲೆಂಡಿನ ಅಂಗಡಿಗಳಲ್ಲಿ ಭಾರೀ ಪೈಪೋಟಿ ಶುರುವಾಯಿತು. ವ್ಯಾಪಾರದ ಗುಟ್ಟು ನಮ್ಮ ಅಂಗಡಿ ಮಾಲೀಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಟೊಳ್ಳು ಸಿಪಾಯಿಗೆ ಕುತ್ತಿಗೆ ವೀಕು. ಕೆಳಗೆ ಬಿದ್ದರೆ ತಲೆ ಹಾರಿತು ಅಂತಲೇ. ಆ ಕಾಲದ ಇಂಗ್ಲೆಂಡಿನ ಹುಡುಗರು ಕಂಡುಕೊಂಡ ವೈದ್ಯ ಏನು ಗೊತ್ತೇ? ಬೆಂಕಿಕಡ್ಡಿ. ಅರ್ಧ ಮುಂಡದೊಳಗೆ, ಅರ್ಧ ತಲೆಯೊಳಗೆ. ಸಿಪಾಯಿ ಮತ್ತೆ ಡ್ಯೂಟಿಗೆ ಹಾಜರ್. ಹಳೇ ಸಾಮಾನು ಸಂಗ್ರಹ ಮಾಡುವವರ ಕೈಗೆ ಇವತ್ತಿಗೂ ಇಂಥ ಬೆಂಕಿಕಡ್ಡಿ ಕುತ್ತಿಗೆಯ ವೀರರು ಸಿಗುತ್ತಾರೆ.

ಸಾಹಿತಿಯ ಫಿರಂಗಿ

ಈ ಮಕ್ಕಳ ಸಿಪಾಯಿಗಳನ್ನು ಇಟ್ಟುಕೊಂಡು ದೊಡ್ಡವರು ಆಡುವ ಹಾಗೆ ಕಾನೂನು ಬರೆದವರು ಎಚ್.ಜಿ. ವೆಲ್ಸ್. ಕಾಲಯಂತ್ರದ ಕಥೆ, ಮಂಗಳ ಗ್ರಹದವರ ಕಥೆ ಬರೆದ ಅದೇ ಮಹಾನುಭಾವರು. 1913ರಲ್ಲಿ ಇವರ 'ಲಿಟಲ್ ವಾರ್ಸ್' ಪುಸ್ತಕ ಬಂತು. ಆಟ ಶುರುವಾದ ಬಗೆಯನ್ನು ಅವರೇ ಬರೆದಿದ್ದಾರೆ. ಮಧ್ಯಾಹ್ನ ಊಟ ಆಗಿದೆ, ಪಕ್ಕದ ಮೇಜಿನ ಮೇಲೆ ಮಕ್ಕಳ ಸಿಪಾಯಿಗಳಿವೆ, ಪಕ್ಕದಲ್ಲಿ ಸ್ಪ್ರಿಂಗ್ ಹಾಕಿದ ಆಟದ ಫಿರಂಗಿ. ಮನೆಗೆ ಬಂದಿದ್ದ ಗೆಳೆಯರೊಬ್ಬರು ಕೂತಲ್ಲೇ ಗುರಿ ಇಟ್ಟು ಒಂದು ಸಿಪಾಯಿಯನ್ನು ಉರುಳಿಸಿದರು. ಆಯಿತು, ಹಠ ಹುಟ್ಟಿತು. ವಿಶ್ವಕೋಶದ ದಪ್ಪ ಸಂಪುಟಗಳು ಗುಡ್ಡ ಬೆಟ್ಟಗಳಾದವು. ಮೂವತ್ತು ನಲವತ್ತು ದಾಟಿದ ಗಂಡಸರು ಕೋಟು ಹಾಕಿಕೊಂಡೇ ನೆಲದ ಮೇಲೆ ಬೋರಲು ಮಲಗಿದರು.

ಆ ಫಿರಂಗಿ ಸುಮ್ಮನೆ ಶಬ್ದ ಮಾಡೋದಲ್ಲ. ಒಂದಿಂಚಿನ ಮರದ ಗುಂಡು ನಿಜವಾಗಿ ಹಾರುತ್ತೆ. ಒಂಬತ್ತು ಗಜ ದೂರದಿಂದ ಹತ್ತು ಸಲ ಹೊಡೆದರೆ ಒಂಬತ್ತು ಸಲ ಸಿಪಾಯಿಗೆ ತಗುಲುತ್ತೆ ಅಂತ ವೆಲ್ಸ್ ಹೆಮ್ಮೆಯಿಂದ ಬರೆದರು. ಅಂದ ಮೇಲೆ ಸೀಸದ ಕುತ್ತಿಗೆಗಳ ಗತಿ ಊಹಿಸಿಕೊಳ್ಳಿ!

ಕಡ್ಡಿ ಚುಚ್ಚುವ ಕಾಲ 1966ರ ವರೆಗೂ ನಡೆಯಿತು. ಸೀಸ ವಿಷ ಎನ್ನುವ ಎಚ್ಚರ ಬಲವಾದ ಮೇಲೆ ಆ ವರ್ಷ ಬ್ರಿಟನ್ ಕಂಪನಿ ಟೊಳ್ಳು ಸೀಸದ ಸಿಪಾಯಿಗಳ ಎರಕ ನಿಲ್ಲಿಸಿತು. ಅಷ್ಟರೊಳಗೆ ಪ್ಲಾಸ್ಟಿಕ್ ಬಂದಾಗಿತ್ತು. 1959ರಿಂದ ಏರ್‌ಫಿಕ್ಸ್ ಕಂಪನಿ ಒಂದಂಗುಲದ ಮೆತ್ತನೆ ಪ್ಲಾಸ್ಟಿಕ್ ಸಿಪಾಯಿಗಳನ್ನು ಪೆಟ್ಟಿಗೆ ಲೆಕ್ಕದಲ್ಲಿ ಅಗ್ಗವಾಗಿ ಮಾರತೊಡಗಿತು. 1962ರಲ್ಲಿ ಸೌತಾಂಪ್ಟನ್ ಊರಿನ ಡಾನಲ್ಡ್ ಫೆದರ್‌ಸ್ಟೋನ್ 'ವಾರ್ ಗೇಮ್ಸ್' ಪುಸ್ತಕ ಬರೆದರು. ಕಸುಬಿನಲ್ಲಿ ಇವರು ಫಿಸಿಯೋಥೆರಪಿ ವೈದ್ಯರು. ಹಗಲು ಮನುಷ್ಯರ ಕೈಕಾಲು ನೆಟ್ಟಗೆ ಮಾಡೋದು, ರಾತ್ರಿ ಸಿಪಾಯಿಗಳದ್ದು!

ಆ ಮೆತ್ತನೆ ಪ್ಲಾಸ್ಟಿಕ್ಕಿಗೆ ಬಣ್ಣವೇ ನಿಲ್ಲುತ್ತಿರಲಿಲ್ಲ. ವಾರಗಟ್ಟಲೆ ಕೂತು ನೂರು ಸಿಪಾಯಿಗೆ ಕೆಂಪು ಕೋಟು ಹಚ್ಚಿ, ಮೇಜಿನ ಮೇಲೆ ನಿಲ್ಲಿಸಿ ಬಂದೂಕು ಸ್ವಲ್ಪ ಬಗ್ಗಿತೋ, ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಮೊದಲು ಸೋಪಿನ ನೀರಲ್ಲಿ ತೊಳೆದು, ಮೇಲೆ ಬಿಳಿ ಅಂಟು ತೆಳ್ಳಗೆ ಬಳಿದು, ಆಮೇಲೆ ಬಣ್ಣ ಹಚ್ಚಬೇಕು ಅಂತ ಅವರು ಕಲಿಯೋ ಹೊತ್ತಿಗೆ ಎಷ್ಟು ಸೈನ್ಯಗಳು ಸಿಪ್ಪೆ ಸುಲಿದುಕೊಂಡಿದ್ದವೋ.

ಡೆಟಾಲ್ ಪುರಾಣ

ಕಾಫಿ ಕುಡೀತಾ ಹುಡುಗ ತನ್ನ ಪಾಪಗಳನ್ನೆಲ್ಲ ಒಪ್ಪಿಕೊಂಡ. ಇವು ಅವನೊಬ್ಬನ ಪಾಪಗಳಲ್ಲ. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾವರೆಗೆ ಈ ಆಟದವರೆಲ್ಲ ಮಾಡಿದವೇ.

ಮೊದಲನೆಯದು ಅಂಟು. ಇವರು ಬಳಸೋದು ನಮ್ಮ ಫೆವಿಕ್ವಿಕ್ ಜಾತಿಯ ಅಂಟು. 1942ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ತಂಡ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಾ ಇದನ್ನು ಮಾಡಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತೆ, ಪ್ರಯೋಜನವಿಲ್ಲ ಅಂತ ಬದಿಗಿಟ್ಟರು. ಆ ದೋಷವೇ ಅದರ ಗುಣ ಅಂತ ಹೊಳೆದು ಅಂಗಡಿಗೆ ಬಂದದ್ದು 1958ರಲ್ಲಿ. ಈ ಅಂಟು ಗಟ್ಟಿಯಾಗೋದು ತೇವದಿಂದ. ಮನುಷ್ಯನ ಬೆರಳಲ್ಲಿ ಯಾವಾಗಲೂ ಬೆವರಿನ ತೇವ. ಹಾಗಾಗಿ ಸಿಪಾಯಿ ಕೈ ಸಿಪಾಯಿಗೆ ಅಂಟೋಕ್ಕೆ ಮುಂಚೆ ನಮ್ಮ ಹೆಬ್ಬೆರಳಿಗೆ ಅಂಟುತ್ತೆ. "ಒಂದು ಸಲ ಅರ್ಧ ಗಂಟೆ ನಾನೇ ಆ ಸಿಪಾಯಿಗೆ ಮೂರನೇ ಕೈ ಆಗಿದ್ದೆ ಅಣ್ಣ" ಅಂದ ಹುಡುಗ. ಹೀಗಾದಾಗ ಕೀಳಬಾರದು, ಚರ್ಮ ಬರುತ್ತೆ. ಬಿಸಿ ಸೋಪುನೀರಲ್ಲಿ ಬೆರಳು ಅದ್ದಿ ಮೆಲ್ಲಗೆ ಹೊರಳಿಸಬೇಕು. ಅಂಗಡಿಯವರೂ ಇದನ್ನ ಗಿರಾಕಿಗಳಿಗೆ ಹೇಳಿದರೆ ಪುಣ್ಯ.

ಎರಡನೆಯದು ಡೆಟಾಲ್. ಹಚ್ಚಿದ ಬಣ್ಣ ಕೆಟ್ಟರೆ ತೆಗೆಯೋಕೆ ಇಂಗ್ಲೆಂಡಿನಲ್ಲಿ ಬಹಳ ಜನ ಬಳಸೋದು ಗಾಯಕ್ಕೆ ಹಾಕುವ ಅದೇ ಕಂದು ಡೆಟಾಲ್. ನೀರು ಬೆರೆಸದೆ ಒಂದು ದಿನ ಮುಳುಗಿಸಿಟ್ಟು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಬಣ್ಣ ಬಿಡುತ್ತೆ. ಆದರೆ ಅಲ್ಲೇ ನಲ್ಲಿ ಕೆಳಗೆ ಹಿಡಿದಿರೋ, ಕೆಟ್ಟಿರಿ! ಬಿಟ್ಟ ಬಣ್ಣ ನೀರು ತಗುಲಿದ ಕೂಡಲೆ ಅಂಟಂಟು ಡಾಂಬರಾಗಿ ಸಿಪಾಯಿಗೂ ಬ್ರಷ್ಷಿಗೂ ಕೈಗೂ ಮೆತ್ತಿಕೊಳ್ಳುತ್ತೆ. ಮತ್ತೆ ಡೆಟಾಲಿನಲ್ಲೇ ಜಾಲಿಸಿ, ಎಲ್ಲ ಬಣ್ಣ ಹೋದ ಮೇಲಷ್ಟೇ ನೀರು ಮುಟ್ಟಿಸಬೇಕು. ಈ ಹುಡುಗ ಮುಟ್ಟಿಸಿದ್ದು ಮೊದಲೇ. ಮೂರು ದಿನ ಮನೆಯೆಲ್ಲ ಹೆರಿಗೆ ವಾರ್ಡಿನ ವಾಸನೆ. ಅಕ್ಕಪಕ್ಕದವರು ಬಂದು "ಯಾರಿಗೆ ಹುಷಾರಿಲ್ಲ?" ಅಂತ ವಿಚಾರಿಸಿಕೊಂಡು ಹೋದರಂತೆ.

ಬ್ರೇಕ್ ಆಯಿಲ್ ಹಾಕಿ ಬಣ್ಣ ಬಿಡಿಸುವವರೂ ಉಂಟು. ನಮ್ಮ ಡ್ರೈವರ್ ಮಿತ್ರರಿಗೆ ಗೊತ್ತು, ಆ ಎಣ್ಣೆ ಬಿದ್ದಲ್ಲಿ ಗಾಡಿ ಪೇಂಟ್ ಏಳುತ್ತೆ. ಉಗುರು ಬಣ್ಣ ತೆಗೆಯುವ ಅಸಿಟೋನು ಲೋಹದ ಸಿಪಾಯಿಗೆ ಸರಿ. ಅವಸರಕ್ಕೆ ಪ್ಲಾಸ್ಟಿಕ್ ಸಿಪಾಯಿಯನ್ನು ಅದರಲ್ಲಿ ಹಾಕಿದವನಿಗೆ ಬೆಳಿಗ್ಗೆ ಸಿಗೋದು ಸಿಪಾಯಿ ಅಲ್ಲ, ಗಂಜಿ.

ಮೂರನೆಯದು ಟೀ ಲೋಟ. ಮೇಜಿನ ಮೇಲೆ ಕುಂಚ ತೊಳೆಯುವ ನೀರಿನ ಲೋಟ ಒಂದು, ಟೀ ಲೋಟ ಒಂದು. ಕಣ್ಣು ಸಿಪಾಯಿ ಮೇಲೆ. ಕುಂಚ ಟೀಗೆ ಹೋಗುತ್ತೆ, ಬಣ್ಣದ ನೀರು ಬಾಯಿಗೆ ಬರುತ್ತೆ. ಈ ಆಟದಲ್ಲಿ ಇದನ್ನು ಮಾಡದವನು ಇನ್ನೂ ಹೊಸಬ ಅಂತ ಲೆಕ್ಕ. ನಗೋ ಮಾತು ಹಾಗಿರಲಿ, ಕುಂಚದ ತುದಿ ಚೂಪು ಮಾಡೋಕೆ ನಾಲಿಗೆಗೆ ಹಚ್ಚುವ ಚಟ ಮಾತ್ರ ಒಳ್ಳೇದಲ್ಲ. ಹಳೇ ಸೀಸದ ಸಿಪಾಯಿ ಉಜ್ಜಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರೋದೂ ಒಳ್ಳೇದಲ್ಲ.

ನಾಲ್ಕನೆಯದು ಮಳೆಗಾಲ. ಬಣ್ಣ ಎಲ್ಲ ಮುಗಿದ ಮೇಲೆ ರಕ್ಷಣೆಗೆ ಅಂತ ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೀತಾರೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಬೆಳ್ಳಗೆ ಬೂದಿ ಬಳಿದ ಹಾಗೆ ಕೂತುಬಿಡುತ್ತೆ. ಒಂದು ತಿಂಗಳ ಕೆಲಸ, ಒಂದು ನಿಮಿಷದಲ್ಲಿ ಇಡೀ ಸೈನ್ಯ ಸನ್ಯಾಸ ತಗೊಂಡಂತೆ!

ಮುದ್ದೆ ಕಟ್ಟಿದ ಕೈಯೇ ಬೇಕು

ಮುರಿದದ್ದನ್ನು ಕಟ್ಟುವ ಕಲೆಯಲ್ಲಿ ನಮ್ಮ ಜಿಲ್ಲೆಯವರು ಮುಂದೆ ಬರಬಹುದು ಅಂತ ನನಗೆ ಅನ್ನಿಸಿದೆ. ಅಲ್ಲಿನವರು ಬಳಸೋದು ಎರಡು ಬಣ್ಣದ ಪುಟ್ಟಿ. ನೀಲಿ ಒಂದು, ಹಳದಿ ಒಂದು. ಎರಡನ್ನೂ ನಾದಿದರೆ ಹಸಿರಾಗುತ್ತೆ, ಕೆಲವು ಗಂಟೆಯಲ್ಲಿ ಗಟ್ಟಿಯಾಗುತ್ತೆ. ನಮ್ಮ ಎಂ-ಸೀಲಿನ ಬಂಧುವೇ. ಕೈಗೆ ಅಂಟದಿರಲಿ ಅಂತ ಬೆರಳಿಗೆ ನೀರು ಮುಟ್ಟಿಸಿಕೊಂಡು ತಿದ್ದಬೇಕು. ರಾಗಿ ಮುದ್ದೆ ಕಟ್ಟುವವರಿಗೆ ಇದನ್ನ ಯಾರಾದರೂ ಹೇಳಿಕೊಡಬೇಕೇ? ಅವಸರದಲ್ಲಿ ಮುಟ್ಟಿದರೆ ಮಾತ್ರ ಸೇನಾಪತಿಯ ಬೆನ್ನ ಮೇಲೆ ನಮ್ಮ ಹೆಬ್ಬೆಟ್ಟಿನ ಗುರುತು ಶಾಶ್ವತ.

ಭಾರದ ಲೋಹದ ಗೊಂಬೆಗೆ ಅಂಟೊಂದೇ ಸಾಲದು. ಕೈಯಲ್ಲೂ ತೋಳಲ್ಲೂ ಸಣ್ಣ ತೂತು ಕೊರೆದು, ನಡುವೆ ಜೆಮ್ ಕ್ಲಿಪ್ಪಿನ ತಂತಿ ತೂರಿಸಿ ಅಂಟಿಸುತ್ತಾರೆ. ಮೂಳೆ ಡಾಕ್ಟರು ರಾಡು ಹಾಕಿದ ಹಾಗೆ. ಹಳೇ ಬೆಂಕಿಕಡ್ಡಿಯ ಮೊಮ್ಮಗನೇ ಇದು.

ಇನ್ನು ಒಂದನ್ನು ಇನ್ನೊಂದು ಮಾಡುವ ಚಾಲಾಕಿ. ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು 1974ರಲ್ಲಿ ತಂದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅವರಿಗೆ ಮೇಜಿನ ಮೇಲೆ ನಿಲ್ಲಿಸೋಕೆ ರಾಕ್ಷಸರು ಬೇಕಾಗಿದ್ದರು. ಅಗ್ಗದ ಅಂಗಡಿಯಲ್ಲಿ ಹಾಂಕಾಂಗ್ ಪ್ಲಾಸ್ಟಿಕ್ ಪ್ರಾಣಿಗಳ ಚೀಲ ಸಿಕ್ಕಿತು. ಪುರಾತನ ಪ್ರಾಣಿಗಳು ಅಂತ ಹೆಸರು, ಆದರೆ ಯಾವ ಕಾಲದಲ್ಲೂ ಇಲ್ಲದ ವಿಕಾರಗಳು. ಬಾಲದಲ್ಲಿ ರೆಕ್ಕೆಯಂಥದ್ದು ಇದ್ದ ಒಂದಕ್ಕೆ ಕಬ್ಬಿಣವನ್ನು ತುಕ್ಕು ಹಿಡಿಸಿ ತಿನ್ನುವ ಪ್ರಾಣಿ ಅಂತ ಕಥೆ ಕಟ್ಟಿದರು. ಇನ್ನೊಂದು ಗೂಬೆ ಮುಖದ ಕರಡಿ ಆಯಿತು. ಮತ್ತೊಂದು ನೆಲದೊಳಗೆ ಈಜುವ ಭೂಶಾರ್ಕ್. ಅಚ್ಚು ತೆಗೆದವನ ಎಡವಟ್ಟು ಇಲ್ಲಿ ದೇವರಾಗಿ ಕೂತಿತು. ಆ ಮೂರೂ ಈಗಲೂ ಆ ಆಟದ ಪುಸ್ತಕಗಳಲ್ಲಿ ಇವೆ.

ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಶುರುವಾದದ್ದು 1975ರಲ್ಲಿ. 1983ರಲ್ಲಿ 'ವಾರ್‌ಹ್ಯಾಮರ್' ಆಟ ತಂದರು, 1987ರಲ್ಲಿ ಅದರ ಆಕಾಶಯುಗದ ತಮ್ಮನನ್ನು. ಆ ಮೊದಲ ವರ್ಷಗಳಲ್ಲಿ ಮಾರೋಕೆ ಸಾಕಷ್ಟು ಟ್ಯಾಂಕ್ ಗೊಂಬೆಗಳೇ ಇರಲಿಲ್ಲ. ಕಂಕುಳಿಗೆ ಹಚ್ಚುವ ಡಿಯೋಡರೆಂಟಿನ ಖಾಲಿ ಡಬ್ಬಿಯಿಂದ ಹಾರುವ ಟ್ಯಾಂಕ್ ಮಾಡೋದು ಹೇಗೆ ಅಂತ ಕಂಪನಿಯವರೇ ಗಿರಾಕಿಗಳಿಗೆ ಹೇಳಿಕೊಟ್ಟರು! ಅದೇ ಕಂಪನಿ 2024ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ಮೊದಲ ನೂರು ಕಂಪನಿಗಳ ಪಟ್ಟಿಗೆ ಸೇರಿತು. ಖಾಲಿ ಡಬ್ಬಿಯನ್ನು ತಿಪ್ಪೆಗೆ ಎಸೆಯುವ ಮುಂಚೆ ಎರಡು ಸಲ ಯೋಚಿಸಿ ಸ್ವಾಮಿ.

ಶ್ರೀರಂಗಪಟ್ಟಣದ ಕರ್ನಲ್ ಸಾಹೇಬರು

"ನಿಮ್ಮ ಈ ಸಿಪಾಯಿ ಯಾವ ಯುದ್ಧದೋನು?" ಅಂತ ಕೇಳಿದೆ. "ವಾಟರ್‌ಲೂ" ಅಂದ ಹುಡುಗ. 1815ರಲ್ಲಿ ನೆಪೋಲಿಯನ್ ಸೋತ ಯುದ್ಧ. ಅಲ್ಲಿ ಇಂಗ್ಲಿಷರ ಕಡೆ ಸೇನಾಪತಿ ಡ್ಯೂಕ್ ಆಫ್ ವೆಲಿಂಗ್ಟನ್. ಈ ಡ್ಯೂಕ್ ನಮಗೆ ಪರಿಚಯದವರೇ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆದರು.

ಅವರ ಜೀವನದ ದೊಡ್ಡ ಎಡವಟ್ಟೂ ನಮ್ಮ ಮಣ್ಣಿನಲ್ಲೇ ಆಯಿತು. 1799ರ ಏಪ್ರಿಲ್ 5ರ ರಾತ್ರಿ, ಕೋಟೆ ಹತ್ತಿರದ ಸುಲ್ತಾನ್‌ಪೇಟೆ ತೋಪಿಗೆ ಕತ್ತಲಲ್ಲಿ ನುಗ್ಗಿದರು. ಹಗಲು ಹೊತ್ತು ಜಾಗ ನೋಡಿರಲಿಲ್ಲ. ತೋಪಿನ ತುಂಬ ಕಾಲುವೆಗಳು. ಟಿಪ್ಪುವಿನ ಸಿಪಾಯಿಗಳು ಗುಂಡು ಹಾರಿಸಿದರು, ಕರ್ನಲ್ ಸಾಹೇಬರ ಸಿಪಾಯಿಗಳು ದಿಕ್ಕಾಪಾಲಾದರು, ಕೆಲವರು ಸೆರೆ ಸಿಕ್ಕರು, ಅವರ ಮೊಣಕಾಲಿಗೂ ಪೆಟ್ಟಾಯಿತು. ಜಾಗ ನೋಡದೆ ರಾತ್ರಿ ಹೊತ್ತು ದಾಳಿ ಮಾಡಬಾರದು ಅಂತ ಅವರು ಪಾಠ ಕಲಿತದ್ದು ಅಲ್ಲಿ.

ಕೋಟೆ ಬಿದ್ದ ಮೇಲೆ ಅವರು ದರಿಯಾ ದೌಲತ್ತಿನಲ್ಲಿ ವಾಸ ಮಾಡಿದರು. ಅದರ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ, ಅಂದರೆ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಹಣ್ಣುಗಾಯಿ ಮಾಡಿದ್ದು. ಮುತ್ತಿಗೆಗೆ ಮುಂಚೆ ಕೆಡಿಸಿದ್ದ ಆ ಚಿತ್ರವನ್ನು ಮತ್ತೆ ಬರೆಸಿದವರು ಇದೇ ವೆಲ್ಲೆಸ್ಲಿ. ತಮ್ಮವರ ಸೋಲಿನ ಚಿತ್ರವನ್ನೇ ರಿಪೇರಿ ಮಾಡಿಸಿದ ದೊಡ್ಡತನ!

ಈಗ ಈ ಕಥೆ ಕೇಳಿ. 1830ರಲ್ಲಿ ಲೆಫ್ಟಿನೆಂಟ್ ವಿಲಿಯಂ ಸೈಬೋರ್ನ್ ಎಂಬುವರಿಗೆ ವಾಟರ್‌ಲೂ ಯುದ್ಧದ ಒಂದು ಮಾದರಿ ಮಾಡಿ ಅಂತ ಆಜ್ಞೆ ಬಂತು. ಆತ ಆ ಹೊಲಗಳಲ್ಲೇ ಎಂಟು ತಿಂಗಳು ಇದ್ದು ಅಳತೆ ತೆಗೆದರು. ಬದುಕುಳಿದ ಅಧಿಕಾರಿಗಳಿಗೆಲ್ಲ ಕಾಗದ ಬರೆದು "ಸಂಜೆ ಏಳು ಗಂಟೆಗೆ ನೀವು ಎಲ್ಲಿದ್ದಿರಿ?" ಅಂತ ವಿಚಾರಿಸಿದರು. ನಡುವೆ ಸರ್ಕಾರ ದುಡ್ಡು ಕೊಡೋದು ನಿಲ್ಲಿಸಿತು. ಮನುಷ್ಯ ಬಿಡಲಿಲ್ಲ, ಸಾಲ ಮಾಡಿದರು. 1838ರಲ್ಲಿ ಲಂಡನ್ನಿನಲ್ಲಿ ಮಾದರಿ ಜನರ ಮುಂದೆ ಬಂತು. ಬೆರಳ ತುದಿಯಷ್ಟೇ ಇರುವ ಸಿಪಾಯಿಗಳು 70 ಸಾವಿರಕ್ಕೂ ಹೆಚ್ಚು!

ಜನ ಮುಗಿಬಿದ್ದು ನೋಡಿದರು. ಡ್ಯೂಕ್ ಸಾಹೇಬರಿಗೆ ಹಿಡಿಸಲಿಲ್ಲ. ಕಾರಣ, ಮೇಜಿನ ಮೇಲೆ ಪ್ರಷ್ಯಾದವರು ಜಾಸ್ತಿ ಕಾಣುತ್ತಿದ್ದರು. ಆ ದಿನ ಸಂಜೆ ಪ್ರಷ್ಯಾ ಸೈನ್ಯ ಬಂದು ಕೈಹಿಡಿದದ್ದು ನಿಜ. ಆದರೆ ಗೆಲುವಿನಲ್ಲಿ ಅವರ ಪಾಲು ಎಷ್ಟು ಅನ್ನೋದು ಸೂಕ್ಷ್ಮ ವಿಷಯ. ಡ್ಯೂಕ್ ಎಷ್ಟರ ಮಟ್ಟಿಗೆ ಒತ್ತಡ ತಂದರು ಅಂತ ಇತಿಹಾಸಕಾರರು ಈಗಲೂ ವಾದ ಮಾಡ್ತಾರೆ. ಕೊನೆಗೆ ಆದದ್ದು ಇಷ್ಟು: ಸಾಲದಲ್ಲಿ ಮುಳುಗಿದ್ದ ಸೈಬೋರ್ನ್ ತನ್ನ ಕೈಯಾರೆ ಪ್ರಷ್ಯಾದ ಸಿಪಾಯಿಗಳಲ್ಲಿ ಬಹುಪಾಲನ್ನು ಮೇಜಿನಿಂದ ಕಿತ್ತರು. ಯಾರು ಎಲ್ಲಿದ್ದರು ಅಂತ ವರ್ಷಗಟ್ಟಲೆ ಕೇಳಿ ಕೇಳಿ ನಿಲ್ಲಿಸಿದ್ದವು ಅವು. 1849ರಲ್ಲಿ ತೀರಿಕೊಂಡರು. ಮಾದರಿ ಈಗ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ.

ನಾನು ಇಷ್ಟು ಹೊತ್ತು ನಕ್ಕ ಎಡವಟ್ಟುಗಳೆಲ್ಲ ಒಂದು ಕಡೆ, ಇದು ಒಂದು ಕಡೆ. ಅಂಟು ಬೆರಳಿಗೆ ಹತ್ತಿದರೆ ಸೋಪುನೀರಿದೆ. ಇರೋ ಸಿಪಾಯಿಯನ್ನು ಇಲ್ಲ ಅಂತ ಮಾಡಿದರೆ ಅದಕ್ಕೆ ಯಾವ ಪುಟ್ಟಿ? ಇಲ್ಲಿ ಗೋಡೆ ಮೇಲೆ ಸೋಲನ್ನು ಬರೆಸಿದವರಿಗೆ ಅಲ್ಲಿ ಗೆಲುವನ್ನು ಹಂಚಿಕೊಳ್ಳೋದು ಕಷ್ಟವಾಯಿತು ನೋಡಿ.

ಕಡ್ಡಿ ಪುಕ್ಕಟೆ

ವೆಲ್ಸ್ ಅವರ ಪುಸ್ತಕ ಬಂದದ್ದು 1913. ಈ ಸಣ್ಣ ಯುದ್ಧ ನಾಲ್ಕು ಸಲ ಆಡಿ ನೋಡಿದರೆ ನಿಜವಾದ ಯುದ್ಧ ಎಷ್ಟು ದಡ್ಡ ಕೆಲಸ ಅಂತ ಗೊತ್ತಾಗುತ್ತೆ, ಎಂಬ ಅರ್ಥದ ಮಾತನ್ನು ಅವರು ಅದರ ಕೊನೆಯಲ್ಲಿ ಬರೆದಿದ್ದರು. ಮರುವರ್ಷವೇ ಮೊದಲ ಮಹಾಯುದ್ಧ. ಆಟದ ಸಿಪಾಯಿಗೆ ಕಡ್ಡಿ ಚುಚ್ಚಿದ ಎಷ್ಟೋ ಹುಡುಗರು ತಾವೇ ಸಿಪಾಯಿಗಳಾಗಿ ಹೋದರು. ತಿರುಗಿ ಬಾರದವರಿಗೆ ಲೆಕ್ಕವಿಲ್ಲ.

ಅಂಗಡಿಗೆ ವಾಪಸ್ ಬರೋಣ. ಯಜಮಾನರು ಅಷ್ಟು ಹೊತ್ತೂ ಆ ತಲೆಯಿಲ್ಲದ ಸಿಪಾಯಿಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡ್ತಾ ಇದ್ದರು. ಕೊನೆಗೆ ಹುಡುಗನನ್ನು ಕೇಳಿದರು: "ತಲೆ ಯಾಕಪ್ಪ ಹೀಗೆ ತೂತಾಗಿದೆ?"

"ಮೊದಲು ನಮ್ಮಮ್ಮನೇ ಅಂಟಿಸಿಟ್ಟಿದ್ರು ಅಣ್ಣ, ನನಗೆ ಗೊತ್ತಾಗದೇ ಇರಲಿ ಅಂತ. ಹಿಂದುಮುಂದಾಗಿ ಅಂಟಿಸಿದ್ರು. ಇಡೀ ಸೈನ್ಯ ಮುಂದೆ ನೋಡ್ತಿದ್ರೆ ಇವನೊಬ್ಬ ಮನೆ ಕಡೆ ನೋಡ್ತಿದ್ದ. ಅದನ್ನ ಬಿಡಿಸೋಕೆ ಹೋಗಿ ಹೀಗಾಯ್ತು."

ಯಜಮಾನರು ಎಂ-ಸೀಲು, ಅಂಟು, ತಂತಿ, ಎಮರಿ ಪೇಪರು ಎಲ್ಲಕ್ಕೂ ಬಿಲ್ ಹಾಕಿದರು. ಆಮೇಲೆ ದೇವರ ಪಟದ ಮುಂದೆ ಇಟ್ಟಿದ್ದ ಬೆಂಕಿಪೊಟ್ಟಣ ತೆಗೆದು, ಒಂದು ಕಡ್ಡಿಯ ಮದ್ದನ್ನು ಉಗುರಿನಿಂದ ಕೆರೆದು ಹುಡುಗನ ಕೈಗಿಟ್ಟರು. "ಇದಕ್ಕೆ ದುಡ್ಡು ಬೇಡ. ಮನೆ ಕಡೆ ನೋಡ್ತಿದ್ರೆ ನೋಡ್ಲಿ ಬಿಡು, ಹಂಗೇ ಅಂಟಿಸು."

ಹುಡುಗ ಹಾಗೇ ಅಂಟಿಸಿದನಂತೆ. ನನ್ನ ಮನೆ ನಲ್ಲಿ ಮಾತ್ರ ಈಗಲೂ ಸೋರ್ತಾ ಇದೆ. ವಾಷರ್ ತರೋದು ಮರೆತೇ ಬಂದಿದ್ದೆ.